ಗಿರಾಕಿಯ ಲೋಟ, ನಮ್ಮ ಲೋಟ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹಿಂದಿನ ಸಭೆಗಳಲ್ಲಿ ನಾವು ಸಂಬಳದ ಮಾತಾಡಿದೆವು, ವಾರದ ರಜೆಯ ಮಾತಾಡಿದೆವು, ಹನ್ನೆರಡು ಗಂಟೆಯ ದುಡಿತದ ಮಾತಾಡಿದೆವು. ಈ ಸಲ ಕುಡಿಯುವ ನೀರಿನ ವಿಷಯ ತೆಗೆದುಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿ ನಿಶ್ಚಯಿಸಿದಾಗ ಕೆಲವು ಗೆಳೆಯರು, "ಇದು ಆರೋಗ್ಯ ಇಲಾಖೆಯವರ ಕೆಲಸ, ಸಂಘಕ್ಕೆ ಯಾಕೆ?" ಎಂದು ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಎಲ್ಲರ ಮುಂದೆ ಇಡುತ್ತೇವೆ.

ಹೋಟೇಲು ಕೆಲಸಗಾರ ಹೊಟ್ಟೆಯ ಬೇನೆಯಿಂದ ಹತ್ತು ದಿನ ಮಲಗಿದರೆ ಹತ್ತು ದಿನದ ಸಂಬಳ ಹೋಯಿತು. ಔಷಧಿಯ ಖರ್ಚು ಕೈಯಿಂದ ಬಿತ್ತು. ಊರಿಗೆ ಕಳಿಸುವ ಹಣ ಆ ತಿಂಗಳು ನಿಂತಿತು. ಮಲಗಿದ್ದ ಕಾಲದಲ್ಲಿ ಬೇರೊಬ್ಬ ಮಾಣಿ ಕೆಲಸಕ್ಕೆ ಬಂದಿದ್ದರೆ ಕೆಲಸವೂ ಹೋಯಿತು. ಆದ್ದರಿಂದ ನೀರಿನ ಪ್ರಶ್ನೆಯೂ ಸಂಬಳದ ಪ್ರಶ್ನೆಯೇ. ಕಷ್ಟಪಟ್ಟು ಏರಿಸಿಕೊಂಡ ಸಂಬಳವನ್ನು ಒಂದು ಕೊಳಕು ಲೋಟ ಒಂದೇ ತಿಂಗಳಲ್ಲಿ ನುಂಗಿಬಿಡಬಲ್ಲುದು.

ಇನ್ನೊಂದು ಕಾರಣವೂ ಇದೆ. ಇಡೀ ಹೋಟೇಲಿನ ನೀರು ನಮ್ಮ ಕೈಯಿಂದಲೇ ಹಾದುಹೋಗುತ್ತದೆ. ತುಂಬುವವರು ನಾವು, ತೊಳೆಯುವವರು ನಾವು, ಮೇಜಿಗೆ ತಂದಿಡುವವರು ನಾವು. ಚಟ್ನಿಗೆ ಬೆರೆಸುವ ನೀರು, ಮಜ್ಜಿಗೆಗೆ ಸುರಿಯುವ ನೀರು, ತಟ್ಟೆಯ ಮೇಲೆ ಉಳಿಯುವ ಹನಿ, ಎಲ್ಲವನ್ನೂ ಬಲ್ಲವರು ನಾವು. ಬಂಗಾಳಿಯ ಆಡುಮಾತಿನಲ್ಲಿ ನೀರನ್ನು ಕುಡಿಯುತ್ತೇವೆ ಎನ್ನುವುದಿಲ್ಲ. "ಜಲ್ ಖಾಬೋ" ಎನ್ನುತ್ತಾರೆ, ನೀರನ್ನು ತಿನ್ನುತ್ತಾರೆ. ಹೊಸದಾಗಿ ಬಂದಾಗ ನಮಗೆಲ್ಲ ಇದು ನಗುವಿನ ವಿಷಯವಾಗಿತ್ತು. ಯೋಚಿಸಿದರೆ ಅದು ನ್ಯಾಯವಾದ ಮಾತೇ. ನೀರೂ ಒಂದು ಅನ್ನ. ಅನ್ನ ಹಳಸಿದೆಯೇ ಎಂದು ಮೂಸಿ ನೋಡುವ ನಾವು ನೀರನ್ನು ಮಾತ್ರ ಏಕೆ ನೋಡದೆ ಬಿಡಬೇಕು?

ನೀರು ಎಲ್ಲಿಂದ ಬರುತ್ತದೆ

ಕಲ್ಕತ್ತೆಗೆ ನೀರು ಬರುವುದು ಹೂಗ್ಲಿ ನದಿಯಿಂದ. ನಗರದ ಉತ್ತರಕ್ಕೆ ಬ್ಯಾರಕ್‌ಪುರದ ಬಳಿ ಪಲ್ತಾ ಎಂಬ ಸ್ಥಳವಿದೆ. 1870ರ ಸುಮಾರಿನಿಂದ ಅಲ್ಲಿ ನದಿಯ ನೀರನ್ನು ಎತ್ತಿ ಶುದ್ಧಮಾಡುತ್ತ ಬಂದಿದ್ದಾರೆ. ಕೆಸರನ್ನು ತಳಕ್ಕೆ ಇಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕೊಳವೆಗೆ ಬಿಡುತ್ತಾರೆ. ಅಲ್ಲಿಂದ ಅದು ತಾಲಾ ಎಂಬಲ್ಲಿಗೆ ಬರುತ್ತದೆ. ತಾಲಾದ ಟ್ಯಾಂಕನ್ನು ರೈಲಿನಿಂದಲೋ ಬಸ್ಸಿನಿಂದಲೋ ನಿಮ್ಮಲ್ಲಿ ಹಲವರು ನೋಡಿರಬಹುದು. 1911ರಲ್ಲಿ ಕೆಲಸಕ್ಕೆ ಬಂದ ಆ ಉಕ್ಕಿನ ಟ್ಯಾಂಕು ನೆಲದಿಂದ ಸುಮಾರು 110 ಅಡಿ ಎತ್ತರದಲ್ಲಿ ಕಂಬಗಳ ಮೇಲೆ ಕೂತಿದೆ. 90 ಲಕ್ಷ ಗ್ಯಾಲನ್ ನೀರು ಹಿಡಿಯುತ್ತದೆ. ನಗರದ ದಕ್ಷಿಣ ಭಾಗಕ್ಕೆ ಗಾರ್ಡನ್ ರೀಚ್‌ನಲ್ಲಿ ಬೇರೆ ಶುದ್ಧೀಕರಣದ ಕಾರ್ಖಾನೆಯಿದೆ.

ತಾಲಾ ಟ್ಯಾಂಕಿನ ಒಂದು ಸಂಗತಿಯನ್ನು ನೀವು ನೆನಪಿಡಬೇಕು. ಅದನ್ನು ಒಳಗೆ ನಾಲ್ಕು ಖಾನೆಗಳಾಗಿ ವಿಂಗಡಿಸಿದ್ದಾರೆ. ಒಂದು ಖಾನೆಯನ್ನು ಬರಿದುಮಾಡಿ ತೊಳೆಯುವಾಗ, ರಿಪೇರಿ ಮಾಡುವಾಗ, ಉಳಿದ ಖಾನೆಗಳು ನೀರು ಕೊಡುತ್ತಲೇ ಇರುತ್ತವೆ. ನೂರು ವರ್ಷಕ್ಕೂ ಹಿಂದೆ ಅದನ್ನು ಕಟ್ಟಿದವರಿಗೆ, ನೀರಿನ ತೊಟ್ಟಿಯೆಂದರೆ ತೊಳೆಯಬೇಕಾದ ವಸ್ತು ಎಂಬುದು ಗೊತ್ತಿತ್ತು. "ತೊಟ್ಟಿ ತೊಳೆಯಲು ಹೋಟೇಲು ಮುಚ್ಚಲಾಗುತ್ತದೆಯೇ?" ಎಂದು ಯಾರಾದರೂ ಕೇಳಿದರೆ, ಇಡೀ ಕಲ್ಕತ್ತೆಯ ತೊಟ್ಟಿಯನ್ನೇ ನಗರ ಮುಚ್ಚದೆ ತೊಳೆಯುತ್ತಾರೆ ಸ್ವಾಮಿ, ಎಂದು ಹೇಳಿ.

ಇಂಥ ಏರ್ಪಾಡು ಸುಮ್ಮನೆ ಆದದ್ದಲ್ಲ. ಕೊಳವೆ ನೀರು ಬರುವ ಮುಂಚೆ ಜನ ಪುಕುರದ, ಎಂದರೆ ಕೆರೆಹೊಂಡದ, ನೀರನ್ನು ಕುಡಿಯುತ್ತಿದ್ದರು. ಅದೇ ಹೊಂಡದಲ್ಲಿ ಸ್ನಾನ, ಅದರಲ್ಲೇ ಬಟ್ಟೆ, ಅದರಲ್ಲೇ ಪಾತ್ರೆ. ಜರ್ಮನಿಯ ಡಾಕ್ಟರ್ ರಾಬರ್ಟ್ ಕಾಖ್ ಎಂಬವರು ಕಾಲರಾದ ಮೂಲ ಹುಡುಕುತ್ತ ಇಲ್ಲಿಗೆ ಬಂದು, 1884ರಲ್ಲಿ ರೋಗಿಗಳ ಹೊಟ್ಟೆಯಲ್ಲಿ ಕಂಡ ಕ್ರಿಮಿಯನ್ನೇ ಬಸ್ತಿಯ ಜನ ಬಳಸುತ್ತಿದ್ದ ಹೊಂಡದ ನೀರಿನಲ್ಲಿಯೂ ಕಂಡರು. ಆ ಕ್ರಿಮಿ ಮನುಷ್ಯನನ್ನು ಹೇಗೆ ಕೊಲ್ಲುತ್ತದೆಂದು ತೋರಿಸಿದವರೂ ಈ ಊರಿನವರೇ. 1959ರಲ್ಲಿ ಶಂಭುನಾಥ ದೇ ಎಂಬ ವೈದ್ಯರು, ಕಾಲರಾದ ಕ್ರಿಮಿ ಒಂದು ವಿಷವನ್ನು ಬಿಡುತ್ತದೆ, ಆ ವಿಷದಿಂದ ಕರುಳು ಮೈಯೊಳಗಿನ ನೀರನ್ನೆಲ್ಲ ಹೊರಗೆ ಸುರಿಯುತ್ತದೆ, ಎಂದು ಸಿದ್ಧಮಾಡಿದರು. ನೀರಿನಿಂದ ಬಂದ ರೋಗ ಮೈಯ ನೀರನ್ನೇ ಬಸಿದು ಕೊಲ್ಲುತ್ತದೆ.

ಊರಿನ ಬಡವರಿಗೆ ಒಂದು ಕೊಳವೆ, ಉಳ್ಳವರಿಗೆ ಒಂದು ಕೊಳವೆ ಎಂಬಂಥ ಕಾಲವೂ ಇಲ್ಲಿತ್ತು. ಬೀದಿ ತೊಳೆಯಲು, ಬೆಂಕಿ ಆರಿಸಲು ಶುದ್ಧಮಾಡದ ಗಂಗೆಯ ನೀರಿಗೆ ಬೇರೆಯೇ ಕೊಳವೆಗಳನ್ನು ಹಾಕಿದ್ದರು. ಒಳ್ಳೆಯ ನೀರು ಸಾಲದ ಬಸ್ತಿಗಳಲ್ಲಿ ಜನ ಆ ನೀರನ್ನೇ ಪಾತ್ರೆಗೂ ಮೈಗೂ ಬಳಸಿದರು, ಬೇನೆ ಬಿದ್ದರು. ಆ ಗಂಗೆಯ ನೀರು ಇಂದಿಗೂ ಕೆಲವು ಬೀದಿಗಳಲ್ಲಿ ಬೆಳಗಿನ ಹೊತ್ತು ಹೊರಗೆ ಹರಿಯುತ್ತದೆ. ಅದರಲ್ಲಿ ತಟ್ಟೆ ಲೋಟ ಅದ್ದಿ ತೆಗೆಯುವವರನ್ನು ನಾವು ಕಂಡಿದ್ದೇವೆ. ಅದು ಬೀದಿಗೆ ಸಾಕು, ಬಾಯಿಗೆ ಸಲ್ಲದು.

ನೀರು ಎಲ್ಲಿ ಕೆಡುತ್ತದೆ

ಹಾಗಾದರೆ ಪಲ್ತಾದಲ್ಲಿ ಶುದ್ಧವಾದ ನೀರು ನಮ್ಮ ಲೋಟಕ್ಕೆ ಬರುವಷ್ಟರಲ್ಲಿ ಏನಾಗುತ್ತದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ಬಲ್ಲಿರಿ. ಇಲ್ಲಿ ಮೂರು ಪೂಜಾರಿಗಳಿದ್ದಾರೆ.

ಮೊದಲನೆಯದು ಬೀದಿಯ ಕೊಳವೆ. ಈ ಊರಿನ ಹಳೆಯ ಬೀದಿಗಳಲ್ಲಿ ನೀರಿನ ಕೊಳವೆಯೂ ಹೊಲಸಿನ ಕೊಳವೆಯೂ ಅಕ್ಕಪಕ್ಕದಲ್ಲೇ ಹೋಗುತ್ತವೆ. ಒಳಗಿನಿಂದ ನೀರು ಒತ್ತುತ್ತಿರುವಾಗ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ನೀರು ಹೊರಗೆ ಸೋರುತ್ತದೆ. ಹೊರಗಿನ ಕೊಳಕು ಒಳಕ್ಕೆ ಬರದು. ನೀರಿನ ಹೊತ್ತು ಮುಗಿದು ಒತ್ತಡ ಇಳಿದಾಗ ಮಾತ್ರ, ಅದೇ ಬಿರುಕಿನಿಂದ ಹೊರಗಿನ ಹೊಲಸು ಒಳಕ್ಕೆ ಹೋಗುತ್ತದೆ. ಬೀದಿಯ ಕೊಳವೆಗೇ ಪಂಪು ಹಚ್ಚಿ ಎಳೆಯುವ ಕಟ್ಟಡಗಳಿವೆಯಲ್ಲ, ಅವು ತಮ್ಮ ಪಾಲಿಗಿಂತ ಹೆಚ್ಚು ನೀರನ್ನು ಎಳೆಯುವುದಲ್ಲದೆ, ನೆರೆಹೊರೆಯವರ ಕೊಳವೆಗೆ ಮೋರಿಯನ್ನೂ ಎಳೆದು ಕೊಡುತ್ತವೆ. 2018ರ ಫೆಬ್ರವರಿಯಲ್ಲಿ ಬಾಘಾಜತೀನ್, ಜಾದವಪುರ, ಪಾಟುಲಿ ಕಡೆಗಳಲ್ಲಿ ನೂರಾರು ಜನ ವಾಂತಿಭೇದಿಯಿಂದ ನರಳಿದ್ದನ್ನು ಇಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ.

ಎರಡನೆಯದು ಕಟ್ಟಡದ ತೊಟ್ಟಿ. ಇಲ್ಲಿ ಪ್ರತಿ ದೊಡ್ಡ ಮನೆಗೂ ನೆಲದಡಿಯಲ್ಲಿ ಒಂದು ತೊಟ್ಟಿ, ರಿಸರ್ವಾಯರ್ ಎನ್ನುತ್ತಾರೆ. ಅದಕ್ಕೆ ನೀರು ಬಂದು ಬಿದ್ದು, ಪಂಪಿನಿಂದ ಮಾಳಿಗೆಯ ಟ್ಯಾಂಕಿಗೆ ಏರುತ್ತದೆ. ನೆಲದ ತೊಟ್ಟಿಯ ಮುಚ್ಚಳ ಹೆಚ್ಚಾಗಿ ಅಂಗಳದ ಮಟ್ಟದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಈ ಊರು ಮೊಣಕಾಲು ನೀರಿನಲ್ಲಿ ನಿಲ್ಲುವುದು ನಿಮಗೆ ಹೊಸತಲ್ಲ. ಬೀದಿಯ ನೀರು, ಮೋರಿಯ ನೀರು, ಅಂಗಳದ ನೀರು ಒಂದಾಗಿ ಆ ಮುಚ್ಚಳದ ಮೇಲೆ ನಿಂತಾಗ ಒಳಗೆ ಏನು ಇಳಿಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ತೊಳೆಯದ ತೊಟ್ಟಿಯ ತಳದ ಕೆಸರು ಪಲ್ತಾದವರು ಬೆರೆಸಿ ಕಳಿಸಿದ ಕ್ಲೋರಿನ್ನನ್ನೂ ತಿಂದುಬಿಡುತ್ತದೆ. ನೀರಿಗೆ ಕಾವಲಿಲ್ಲದಾಗುತ್ತದೆ.

ಮೂರನೆಯದು ಅಡಿಗೆಮನೆಯ ಡ್ರಮ್ಮು. ಅದಕ್ಕೆ ನೀರು ತುಂಬುವ ರಬ್ಬರು ಪೈಪಿನ ಬಾಯಿ ನೆಲದ ಮೇಲೆ ಬಿದ್ದಿರುತ್ತದೆ. ಚೊಂಬು ಹಿಡಿದ ಕೈ ಮಣಿಕಟ್ಟಿನವರೆಗೂ ನೀರಿಗೆ ಇಳಿಯುತ್ತದೆ. ಎಂಜಲು ತಟ್ಟೆ ಎತ್ತಿದ ಕೈಯೂ ಅದೇ, ಕಕ್ಕಸಿಗೆ ಹೋಗಿ ಬಂದ ಕೈಯೂ ಅದೇ. ನಮ್ಮ ಊರಿನಲ್ಲಿ ಕುಡಿಯುವ ನೀರಿನ ಬಾವಿಗೆ ಕಟ್ಟೆ ಕಟ್ಟಿರುತ್ತಾರೆ. ಕಾಲು ತೊಳೆದ ನೀರು ಒಳಗೆ ಹೋಗದಂತೆ ಇಳಿಜಾರು ಮಾಡಿರುತ್ತಾರೆ. ಕುಡಿಯುವ ನೀರಿನ ಕೊಡಪಾನಕ್ಕೆ ಕೈ ಅದ್ದಿದರೆ ಅಮ್ಮ ಬೈಯುತ್ತಿದ್ದರು. ಆ ಬೈಗುಳ ಪಾಠಶಾಲೆಯ ಪುಸ್ತಕಕ್ಕಿಂತ ದೊಡ್ಡ ವೈದ್ಯವಾಗಿತ್ತು.

ನಮ್ಮ ಸದಸ್ಯರು ಕೆಲವರು ಹಿಂದೆ ದುಡಿದ ಒಂದು ಹೋಟೇಲಿನ ಸಂಗತಿ ಹೇಳುತ್ತೇವೆ, ಹೆಸರು ಬೇಡ. ಅಲ್ಲಿ ಗಿರಾಕಿಗಳಿಗೆಂದು ಗಲ್ಲಾದ ಪಕ್ಕದಲ್ಲಿ ಹೊಳೆಯುವ ಫಿಲ್ಟರ್ ಯಂತ್ರವಿತ್ತು. ಕೆಲಸಗಾರರಿಗೆ ಹಿಂಭಾಗದಲ್ಲಿ, ಪಾತ್ರೆ ತೊಳೆಯುವ ಮೋರಿಯಿಂದ ಎರಡೇ ಮೊಳ ದೂರದಲ್ಲಿ, ನೀಲಿ ಡ್ರಮ್ಮು. ಯಂತ್ರದ ನೀರನ್ನು ಮಾಣಿಗಳು ಮುಟ್ಟಕೂಡದು, ಅದರ ಖರ್ಚು ಹೆಚ್ಚು ಎಂದು ಅಪ್ಪಣೆ. ಒಂದು ಮಳೆಗಾಲದಲ್ಲಿ ಮೂವರು ಒಬ್ಬರ ಹಿಂದೊಬ್ಬರು ಮಲಗಿದರು. ಬೈಂದೂರು ಕಡೆಯ ಒಬ್ಬ ಹುಡುಗನಿಗೆ ವಿಷಮಶೀತಜ್ವರ, ಟೈಫಾಯ್ಡು, ಎಂದು ಡಾಕ್ಟರು ಹೇಳಿದರು. ಇಪ್ಪತ್ತಮೂರು ದಿನ ಕೆಲಸವಿಲ್ಲ. ಇಪ್ಪತ್ತಮೂರು ದಿನದ ಸಂಬಳವಿಲ್ಲ. "ಬೀದಿಯಲ್ಲಿ ಫುಚ್ಕಾ ತಿಂದಿರುತ್ತಾನೆ" ಎಂದು ಮಾಲಿಕರು ಕೈ ತೊಳೆದುಕೊಂಡರು. ಫುಚ್ಕಾ ತಿಂದಿರಲೂಬಹುದು. ಆದರೆ ಮೂವರೂ ದಿನವೂ ಕುಡಿದದ್ದು ಒಂದೇ ಡ್ರಮ್ಮಿನ ನೀರು. ಕೊನೆಗೆ ಎಲ್ಲರೂ ಒಟ್ಟಾಗಿ ಹೋಗಿ ಕೇಳಿದ ಮೇಲೆ ನೆಲದ ತೊಟ್ಟಿಯ ಮುಚ್ಚಳ ತೆಗೆಸಿದರು. ತಳದಲ್ಲಿ ಒಂದು ಗೇಣು ಕಪ್ಪು ಕೆಸರು, ಮೇಲೆ ಸತ್ತ ಜಿರಲೆಗಳು, ಗೋಡೆಯಲ್ಲಿ ಬಿರುಕು, ಬಿರುಕಿನಾಚೆ ಹೊಲಸಿನ ಕೊಳವೆ. ಇದನ್ನು ಕಂಡ ಮೇಲೆ ಫುಚ್ಕಾದ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗನ ಸಂಬಳ ಮಾತ್ರ ತಿರುಗಿ ಬರಲಿಲ್ಲ.

ಒಂದು ವಿಷಯ ಕೇಳಿ. ಗಿರಾಕಿ ಒಂದು ಲೋಟ ಕುಡಿದು ಹೋಗುತ್ತಾನೆ. ಒಲೆಯ ಮುಂದೆ ಬೆವರು ಸುರಿಸುವ ಅಡಿಗೆಯವನು ದಿನಕ್ಕೆ ಹತ್ತು ಹದಿನೈದು ಲೋಟ ಕುಡಿಯುತ್ತಾನೆ. ಹೆಚ್ಚು ಕುಡಿಯುವವನಿಗೇ ಕೀಳು ನೀರು ಎಂಬುದು ಯಾವ ಲೆಕ್ಕ? ಒಂದೇ ಮನೆಯಲ್ಲಿ ಎರಡು ನೀರು ಎಂಬುದು ನಮ್ಮ ದೇಶಕ್ಕೆ ಹೊಸ ರೋಗವೇನೂ ಅಲ್ಲ. ಊರಿನ ಕೆರೆಯ ನೀರನ್ನು ಎಲ್ಲರಂತೆ ಕುಡಿಯುವ ಹಕ್ಕಿಗಾಗಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ 1927ರಲ್ಲಿ ಮಹಾಡಿನ ಚೌದಾರ ಕೆರೆಗೆ ಇಳಿಯಬೇಕಾಯಿತು. ಇಂದು ಹೋಟೇಲಿನ ಹಿಂಬಾಗಿಲಲ್ಲಿ ಅದೇ ಭೇದ ಡ್ರಮ್ಮಿನ ರೂಪದಲ್ಲಿ ಕೂತಿದ್ದರೆ ನಾವು ಅದನ್ನು ಒಪ್ಪತಕ್ಕದ್ದಲ್ಲ.

ಕುದಿಸಿದರೂ ಹೋಗದ ವಿಷ

ಇಲ್ಲಿಯವರೆಗೆ ಹೇಳಿದ್ದು ಕ್ರಿಮಿಯ ಕಥೆ. ಕ್ರಿಮಿಗೆ ಬೆಂಕಿಯೇ ಮದ್ದು. ಮರಳಿ ಮರಳಿ ಕುದಿಸಿದರೆ ಸಾಯುತ್ತದೆ. ಕುದಿಸಿದರೂ ಹೋಗದ ಇನ್ನೊಂದು ವಿಷ ಈ ನಾಡಿನ ನೆಲದೊಳಗಿದೆ. ಅದರ ಹೆಸರು ಆರ್ಸೆನಿಕ್, ನಮ್ಮ ಹಳೆಯ ಮಾತಿನಲ್ಲಿ ಪಾಷಾಣ.

ಇದು ಯಾವುದೋ ಕಾರ್ಖಾನೆಯವರು ಸುರಿದದ್ದಲ್ಲ. ಹಿಮಾಲಯದಿಂದ ನದಿಗಳು ಸಾವಿರಾರು ವರ್ಷ ಹೊತ್ತು ತಂದ ಮಣ್ಣಿನಲ್ಲೇ ಅದಿದೆ. ಗಾಳಿಯಾಡದ ಆಳದಲ್ಲಿ ಅದು ಮಣ್ಣನ್ನು ಬಿಟ್ಟು ನೀರಿಗೆ ಸೇರುತ್ತದೆ. ಹೊಂಡದ ನೀರು ಕುಡಿದು ಕಾಲರಾ ತರಿಸಿಕೊಳ್ಳಬೇಡಿ, ಕೊಳವೆಬಾವಿಯ ನೀರು ಕುಡಿಯಿರಿ ಎಂದು ಜನರಿಗೆ ಹೇಳಿದರು. ಜನ ಕುಡಿದರು. ಕಾಲರಾ ತಗ್ಗಿತು, ಆದರೆ ಹಲವು ಊರುಗಳಲ್ಲಿ ನೆಲದ ವಿಷ ಮೇಲೆ ಬಂತು. 1983ರ ಸುಮಾರಿಗೆ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ನಿನ ಚರ್ಮವೈದ್ಯರಾದ ಕೆ. ಸಿ. ಸಾಹಾ ಅವರು, ಹಳ್ಳಿಗಳಿಂದ ಬಂದ ರೋಗಿಗಳ ಅಂಗೈ ಅಂಗಾಲುಗಳ ಗಂಟು, ಮೈಮೇಲಿನ ಮಚ್ಚೆ ಕಂಡು, ಇದು ಪಾಷಾಣದ ನೀರಿನ ಫಲ ಎಂದು ಗುರುತಿಸಿದರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರು 1988ರಿಂದ ಮುಂದೆ ಊರೂರು ತಿರುಗಿ ಬಾವಿಗಳ ನೀರು ಪರೀಕ್ಷಿಸಿದರು. ಮಾಲ್ದಾ, ಮುರ್ಶಿದಾಬಾದ್, ನದಿಯಾ, ಎರಡೂ 24 ಪರಗಣಗಳು ಆ ಪಟ್ಟಿಯಲ್ಲಿ ಸೇರಿದವು. ವರ್ಷಗಟ್ಟಲೆ ಕುಡಿದರೆ ಚರ್ಮ ಮಾತ್ರವಲ್ಲ, ಒಳಗಿನ ಅಂಗಗಳೂ ಕೆಡುತ್ತವೆ, ಕ್ಯಾನ್ಸರೂ ಬರುತ್ತದೆ.

ಹಳ್ಳಿಯ ಮಾತಾಯಿತು, ನಗರಕ್ಕೇನು ಎನ್ನಬೇಡಿ. ಅದೇ ಚಕ್ರವರ್ತಿಯವರ ತಂಡ ಕಲ್ಕತ್ತೆಯ 141 ವಾರ್ಡುಗಳಿಂದಲೂ ನೆಲದ ನೀರು ತೆಗೆದು, 4210 ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿತು. ನೂರಕ್ಕೆ 14ರಷ್ಟು ಮಾದರಿಗಳಲ್ಲಿ ಮಿತಿ ಮೀರಿದ ಪಾಷಾಣವಿತ್ತು. ನಗರದ ದಕ್ಷಿಣ ಭಾಗದಲ್ಲಿ ಹೆಚ್ಚು. ಆ ಮಿತಿ ಎಂದರೆ ಒಂದು ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಲಕ್ಷ ಲೀಟರು ನೀರಿಗೆ ಒಂದು ಗ್ರಾಂ. ಇಷ್ಟು ಸಣ್ಣದನ್ನು ಕಣ್ಣು ಕಾಣದು, ನಾಲಗೆ ತಿಳಿಯದು, ಮೂಗು ಹಿಡಿಯದು. ನಮ್ಮವರು ಹೆಚ್ಚಾಗಿರುವ ಲೇಕ್ ಮಾರ್ಕೆಟ್, ರಾಸಬಿಹಾರಿ ರಸ್ತೆಯ ಕಡೆಗಳೂ ದಕ್ಷಿಣ ಭಾಗದಲ್ಲೇ ಇವೆ. ಅಲ್ಲಿಯ ಎಲ್ಲ ಬಾವಿಯಲ್ಲೂ ವಿಷವಿದೆ ಎಂದು ನಾವು ಹೇಳುತ್ತಿಲ್ಲ. ಒಂದು ಬಾವಿಯಲ್ಲಿದ್ದು ನೂರು ಗಜ ಆಚೆಯದರಲ್ಲಿ ಇಲ್ಲದಿರಬಹುದು. ಪರೀಕ್ಷೆ ಮಾಡಿಸದೆ ಯಾರೂ ಹೇಳಲಾರರು ಎನ್ನುವುದೇ ನಮ್ಮ ಮಾತು.

ಅಡಿಗೆಯವರು ಇದನ್ನು ವಿಶೇಷವಾಗಿ ತಿಳಿಯಬೇಕು. ಕುದಿಸಿದಷ್ಟೂ ನೀರು ಆವಿಯಾಗಿ ಹೋಗುತ್ತದೆ. ಪಾಷಾಣ ಕೊಳಗದಲ್ಲೇ ಉಳಿಯುತ್ತದೆ. ಆ ನೀರನ್ನು ಬತ್ತಿಸಿದರೆ ಉಪ್ಪು ಗಟ್ಟಿಯಾದಂತೆ ವಿಷವೂ ಗಟ್ಟಿಯಾಗುತ್ತದೆ. ಕ್ರಿಮಿಯ ನೀರಿಗೆ ಒಲೆ ಮದ್ದು. ಪಾಷಾಣದ ನೀರಿಗೆ ಒಲೆ ಹಚ್ಚುವುದು ನೀರಲ್ಲಿ ಹೋಮ ಮಾಡಿದಂತೆ. ಅದಕ್ಕೆ ಇರುವ ದಾರಿ ಆ ನೀರನ್ನು ಬಾಯಿಗೂ ಅಡಿಗೆಗೂ ಬಿಡುವುದು. ಇಲ್ಲವೆ ಅದಕ್ಕೆಂದೇ ಇರುವ, ಕಾಲಕಾಲಕ್ಕೆ ನೋಡಿಕೊಳ್ಳುವ ಶುದ್ಧಿಯಂತ್ರ.

ಊರಿನಲ್ಲಿ ಬಿಟ್ಟುಬಂದವರ ಯೋಚನೆಯೂ ನಮಗಿದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಇದೇ ಪಾಷಾಣದಿಂದ ನರಳಿದ್ದಾರೆ. 2022ರಲ್ಲಿ ರಾಯಚೂರು ಪಟ್ಟಣದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, ನಲ್ಲಿಯ ನೀರು ಕುಡಿದು ಜನ ಪ್ರಾಣ ಬಿಟ್ಟರು. ಕಲ್ಕತ್ತೆಯಲ್ಲಿ ಕಲಿತದ್ದನ್ನು ರಜೆಗೆ ಹೋದಾಗ ಊರಿಗೂ ಒಯ್ಯಿರಿ.

ಕಾಯಿದೆ ಏನು ಹೇಳುತ್ತದೆ

"ನೀರು ಕಾರ್ಪೊರೇಷನ್ನಿನದು, ತೊಟ್ಟಿ ಕಟ್ಟಡದ ಯಜಮಾನನದು, ನಾನೇನು ಮಾಡಲಿ?" ಎನ್ನುವ ಮಾಲಿಕರಿದ್ದಾರೆ. ಸಣ್ಣ ಹೋಟೇಲಿನ ಬಾಡಿಗೆದಾರರ ಕಷ್ಟ ನಮಗೂ ಗೊತ್ತು. ಆದರೆ ಕಾಯಿದೆ ಅವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. 2006ರ ಆಹಾರ ಸುರಕ್ಷತೆಯ ಕಾಯಿದೆಯ ಕೆಳಗೆ 2011ರಲ್ಲಿ ನಿಯಮಗಳು ಬಂದವು. ಅವುಗಳ ನಾಲ್ಕನೆಯ ಅನುಸೂಚಿಯಲ್ಲಿ ಬರೆದಿರುವ ಕೆಲವು ಮಾತುಗಳನ್ನು ಪ್ರತಿಯೊಬ್ಬ ಮಾಣಿಯೂ ಬಾಯಿಪಾಠ ಮಾಡಬೇಕು. ಅಡಿಗೆಗೆ, ಆಹಾರಕ್ಕೆ ಬೆರೆಸುವುದಕ್ಕೆ, ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು. ನೀರಿನ ತೊಟ್ಟಿಗಳನ್ನು ಕಾಲಕಾಲಕ್ಕೆ ತೊಳೆದು, ತೊಳೆದದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಆಹಾರಕ್ಕೆ ತಾಗುವ ಐಸನ್ನೂ ಕುಡಿಯುವ ನೀರಿನಿಂದಲೇ ಮಾಡಿರಬೇಕು. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ ಆಗಬೇಕು. ಟೈಫಾಯ್ಡಿನಂಥ ಕರುಳುಬೇನೆಗಳಿಗೆ ಲಸಿಕೆ ಹಾಕಿಸಿ ಅದರ ದಾಖಲೆ ಇಡಬೇಕು.

ಇನ್ನೊಂದು ಅಳತೆಯನ್ನೂ ಕೊಡುತ್ತೇವೆ. 1948ರ ಕಾರ್ಖಾನೆ ಕಾಯಿದೆಯಲ್ಲಿ ಕುಡಿಯುವ ನೀರಿನ ಕಲಮೊಂದಿತ್ತು. ನೀರಿಡುವ ಜಾಗದಲ್ಲಿ "ಕುಡಿಯುವ ನೀರು" ಎಂದು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕು. ತೊಳೆಯುವ ಸ್ಥಳ, ಮೂತ್ರಿ, ಕಕ್ಕಸು, ತೆರೆದ ಮೋರಿ ಇವುಗಳಿಂದ 6 ಮೀಟರಿನೊಳಗೆ, ಎಂದರೆ ಸುಮಾರು 20 ಅಡಿಯೊಳಗೆ, ಆ ನೀರು ಇರಕೂಡದು, ಎಂದು ಅದರಲ್ಲಿತ್ತು. ಆ ಕಾಯಿದೆ ಕಾರ್ಖಾನೆಗಳಿಗಾಗಿ ಬರೆದದ್ದು. ಈಗ ಅದರ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಆದರೆ ಅಳತೆ ಅಳತೆಯೇ. ಇಂದು ರಾತ್ರಿ ಹೋಗಿ ನಿಮ್ಮ ಡ್ರಮ್ಮಿಗೂ ಮೋರಿಗೂ ನಡುವೆ ಎಷ್ಟು ಅಡಿಯಿದೆ ಎಂದು ಅಳೆದು ನೋಡಿ.

ನಾವು ಮಾಡಬೇಕಾದದ್ದು

ಕೇಳುವುದರ ಜೊತೆಗೆ ಮಾಡುವುದೂ ನಮ್ಮ ಪಾಲಿಗಿದೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದಾಗ, ಇಲ್ಲಿಗೆ ಸಮೀಪದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಿತು. ಸಲೈನ್ ಬಾಟಲಿ ಮುಗಿದುಹೋಯಿತು. ಆಗ ಡಾಕ್ಟರ್ ದಿಲೀಪ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾಗಳನ್ನು ನೀರಿನಲ್ಲಿ ಕದಡಿ ಡ್ರಮ್ಮುಗಳಲ್ಲಿಟ್ಟರು. ರೋಗಿಗಳ ತಾಯಿ, ತಂಗಿ, ಗಂಡ, ಮಗ, ಯಾರಾದರಾಗಲಿ ತುಂಬಿಸಿಕೊಂಡು ಹೋಗಿ ಕುಡಿಸಲು ಹೇಳಿದರು. ನೂರಕ್ಕೆ ಸುಮಾರು 30 ಸಾಯುತ್ತಿದ್ದಲ್ಲಿ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. ಆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಓದಿದವರಲ್ಲ, ನಮ್ಮಂಥವರೇ. ಒಂದು ಶುದ್ಧವಾದ ಡ್ರಮ್ಮು, ಅಳತೆ ತಪ್ಪದ ಕೈ, ಇಷ್ಟೇ ಬೇಕಾದದ್ದು. ಅಳತೆ ಎಂದರೆ ಅಡಿಗೆಯವರ ಕಸುಬು.

ಆದ್ದರಿಂದ ಈ ಕೆಲವು ಅಳತೆಗಳನ್ನು ನೆನಪಿಡಿ. ಕುಡಿಯುವ ನೀರಿಗೆ ಮುಚ್ಚಳವೂ ಬುಡದಲ್ಲಿ ನಲ್ಲಿಯೂ ಇರುವ ಪಾತ್ರೆ ಬೇಕು; ಚೊಂಬು ಅದ್ದುವ ಪದ್ಧತಿ ನಿಲ್ಲಬೇಕು. ಸಂಶಯ ಬಂದ ದಿನ ನೀರನ್ನು ಕುದಿ ಬಂದ ಮೇಲೂ ಕೆಲವು ನಿಮಿಷ ಮರಳಿಸಿ, ಅದೇ ಪಾತ್ರೆಯಲ್ಲೇ ಮುಚ್ಚಿ ಆರಿಸಿ. ತೊಟ್ಟಿ ತೊಳೆದ ಮೇಲೆ ಒಂದು ಸಾವಿರ ಲೀಟರು ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬೆರೆಸಿ, ಒಂದು ಗಂಟೆ ಬಿಟ್ಟು ಬಳಸಬಹುದು. ಮೀನು ಕೆಡದಂತೆ ಇಡುವ ಐಸಿನ ತುಂಡು ಶರಬತ್ತಿಗೆ ಬೀಳಕೂಡದು. ಜಾರಿನ ನೀರು ತರಿಸುವುದಾದರೆ ಸೀಲು ಒಡೆಯದಿರುವುದನ್ನೂ ಲೈಸೆನ್ಸಿನ ನಂಬರನ್ನೂ ನೋಡಿ ಇಳಿಸಿಕೊಳ್ಳಿ. ಭೇದಿ ಹತ್ತಿದವನಿಗೆ ಡಾಕ್ಟರು ಸಿಗುವ ಮೊದಲೇ ಓ.ಆರ್.ಎಸ್. ಪುಡಿ ಕದಡಿ ಕುಡಿಸಿ; ಪುಡಿ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ತಲೆ ಸವರಿದ ಅಳತೆ.

ನೀರಿನಲ್ಲಿ ಹೊಲಸು ಸೇರಿದೆಯೇ ಎಂದು ನೋಡಲು ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಆದ ಮಾಂಜಾ ಮತ್ತು ಸಂಗಡಿಗರು ಒಂದು ಸುಲಭ ಉಪಾಯ ಪ್ರಕಟಿಸಿದರು. ಮದ್ದು ಸವರಿದ ಕಾಗದವಿರುವ ಸಣ್ಣ ಶೀಸೆಗೆ ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ, ಹೊಲಸಿನ ಕ್ರಿಮಿ ಇದ್ದ ನೀರು ಕಪ್ಪಗಾಗುತ್ತದೆ. ಸಂಘ ಇಂಥ ಶೀಸೆಗಳನ್ನು ತರಿಸಲಿ. ಕಪ್ಪಗಾದ ಶೀಸೆಯನ್ನು ಮಾಲಿಕರ ಗಲ್ಲಾದ ಮೇಲೆ ಇಟ್ಟರೆ ನಮ್ಮ ಭಾಷಣದ ಅಗತ್ಯವಿರುವುದಿಲ್ಲ. ಪಾಷಾಣವನ್ನು ಮಾತ್ರ ಈ ಶೀಸೆ ತೋರಿಸದು. ನೆಲದ ನೀರು ಬಳಸುವ ಹೋಟೇಲುಗಳು ಅದನ್ನು ಪ್ರಯೋಗಶಾಲೆಗೇ ಕಳಿಸಬೇಕು.

ಇನ್ನು ಸಭೆಯ ಮುಂದೆ ಇಡುವ ಬೇಡಿಕೆಗಳು:

1. ಗಿರಾಕಿ ಕುಡಿಯುವ ನೀರನ್ನೇ ಕೆಲಸಗಾರನೂ ಕುಡಿಯಬೇಕು. ಒಂದು ಹೋಟೇಲಿಗೆ ಒಂದೇ ನೀರು.

2. ನೆಲದ ತೊಟ್ಟಿ, ಮಾಳಿಗೆಯ ಟ್ಯಾಂಕಿ ಎರಡನ್ನೂ ಮಳೆಗಾಲದ ಮೊದಲು ಮತ್ತು ನಂತರ ಕಡ್ಡಾಯವಾಗಿ, ಉಳಿದ ಕಾಲದಲ್ಲಿ ಕ್ರಮವಾಗಿ ತೊಳೆಯಬೇಕು. ದಾಖಲೆ ಪುಸ್ತಕ ಕೆಲಸಗಾರರಿಗೂ ಕಾಣುವಲ್ಲಿರಬೇಕು.

3. ತೊಟ್ಟಿಗೆ ಇಳಿಯುವ ಕೆಲಸವನ್ನು ಎಳೆಯ ಹುಡುಗರಿಂದ, ಒಬ್ಬನೇ ಒಬ್ಬನಿಂದ, ಎಂದೂ ಮಾಡಿಸಕೂಡದು. ಮುಚ್ಚಿದ ತೊಟ್ಟಿಯೊಳಗೆ ಉಸಿರುಕಟ್ಟಿ ಸತ್ತವರಿದ್ದಾರೆ. ಬಲ್ಲವರನ್ನು ಕರೆಸಿ, ಕೂಲಿ ಕೊಟ್ಟು, ಗಾಳಿಯಾಡಿಸಿ, ಮೇಲೆ ಆಳು ನಿಲ್ಲಿಸಿ ಮಾಡಿಸಬೇಕು.

4. ನೆಲದ ನೀರು ಬಳಸುವಲ್ಲಿ ಪಾಷಾಣದ ಪರೀಕ್ಷೆಯಾಗಬೇಕು. ಫಲವನ್ನು ಗೋಡೆಗೆ ಅಂಟಿಸಬೇಕು.

5. ಟೈಫಾಯ್ಡಿನ ಲಸಿಕೆಯ, ವೈದ್ಯಪರೀಕ್ಷೆಯ ಖರ್ಚು ಕೆಲಸಗಾರನ ಸಂಬಳದಿಂದ ಮುರಿಯಕೂಡದು.

6. ಹೊಟ್ಟೆಯ ಬೇನೆಯಿಂದ ಮಲಗಿದ ಕೆಲಸಗಾರನಿಗೆ ಸಂಬಳದ ರಜೆ ಸಿಗಬೇಕು. ಇದು ಗಿರಾಕಿಗಳ ಹಿತಕ್ಕೂ ಬೇಕು. ಸಂಬಳ ಹೋಗುತ್ತದೆಂದು ಹೆದರಿ, ಭೇದಿಯಾಗುತ್ತಿದ್ದರೂ ಮುಚ್ಚಿಟ್ಟುಕೊಂಡು ಚಟ್ನಿ ಬಡಿಸುವವನಿಂದ ನೂರು ಜನಕ್ಕೆ ಬೇನೆ ಹರಡೀತು.

ಪ್ರತಿ ಹೋಟೇಲಿನಿಂದಲೂ ಇಬ್ಬರನ್ನು, ಒಬ್ಬರನ್ನು ಅಡಿಗೆಮನೆಯಿಂದ, ಒಬ್ಬರನ್ನು ಪಾತ್ರೆ ತೊಳೆಯುವವರಿಂದ, ನೀರಿನ ಜವಾಬ್ದಾರಿಗೆಂದು ಈ ಸಭೆಯಲ್ಲೇ ಆರಿಸಿರಿ. ಪಾತ್ರೆ ತೊಳೆಯುವವರು ಬೇಕೆಂದು ನಾವು ಒತ್ತಿ ಹೇಳುತ್ತೇವೆ. ಹೋಟೇಲಿನಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ಅವರಿಗೆ, ಎಲ್ಲರಿಗಿಂತ ಹೆಚ್ಚು ಹೊತ್ತು ನೀರಿನಲ್ಲಿ ನಿಲ್ಲುವವರೂ ಅವರೇ. ನೀರು ಯಾವ ದಿನ ಮಸುಕಾಯಿತು, ಯಾವ ದಿನ ವಾಸನೆ ಬಂತು ಎಂದು ಮೊದಲು ತಿಳಿಯುವುದು ಅವರಿಗೆ. ಅವರ ಮಾತನ್ನು ಇದುವರೆಗೆ ಯಾರೂ ಕೇಳಿಲ್ಲ.

ಮುಂಬಯಿಯಂತೆ ಇಲ್ಲಿ ನಮ್ಮ ಸಂಖ್ಯೆ ದೊಡ್ಡದಲ್ಲ. ಆದರೆ ಈ ಬೇಡಿಕೆ ಕನ್ನಡಿಗರದು ಮಾತ್ರವಲ್ಲ. ನಮ್ಮ ಪಕ್ಕದಲ್ಲಿ ನಿಂತು ದುಡಿಯುವ ಒರಿಯಾ, ಬಿಹಾರಿ, ಬಂಗಾಳಿ, ತಮಿಳು ಸೋದರರೂ ಅದೇ ಡ್ರಮ್ಮಿನಿಂದ ಕುಡಿಯುತ್ತಾರೆ. ಈ ಬೇಡಿಕೆಗಳನ್ನು ಬಂಗಾಳಿಯಲ್ಲೂ ಹಿಂದಿಯಲ್ಲೂ ಬರೆಸಿ ಅವರ ಕೈಗೂ ಕೊಡೋಣ. ಒಬ್ಬನೇ ಹೋಗಿ ಕೇಳಿದರೆ ಬಾಗಿಲು ತೋರಿಸಿಯಾರು. ಅಡಿಗೆಮನೆಯೆಲ್ಲ ಒಟ್ಟಾಗಿ ಕೇಳಿದರೆ ತೊಟ್ಟಿಯ ಮುಚ್ಚಳ ತೆಗೆಯಲೇಬೇಕಾಗುತ್ತದೆ.

ಬರುವ ತಿಂಗಳ ಸಭೆಗೆ ಪ್ರತಿ ಹೋಟೇಲಿನವರೂ ಮೂರು ಉತ್ತರ ತರಬೇಕೆಂದು ಕೇಳಿಕೊಳ್ಳುತ್ತೇವೆ: ನಿಮ್ಮ ನೀರು ಕೊಳವೆಯದೋ ನೆಲದ್ದೋ, ತೊಟ್ಟಿಯನ್ನು ಕೊನೆಗೆ ತೊಳೆದದ್ದು ಯಾವ ದಿನ, ನಿಮ್ಮ ಡ್ರಮ್ಮಿಗೂ ಮೋರಿಗೂ ಎಷ್ಟು ಅಡಿ. ಮಾತು ಸಾಕು, ಲೆಕ್ಕ ತನ್ನಿ.